ಒಂದೂ ಗಾಡಿಯಿಲ್ಲದ ಜಲ್ಲಿದಾರಿ

ಮೂವತ್ತು ವರ್ಷ ಸರ್ವೆಯರ್ ಆಗಿದ್ದವನು ನಾನು. ಆದರೂ ನಮ್ಮ ಮನೆಗೆ ಬರುವ ದಾರಿಯನ್ನು ಯಾರಿಗೂ ಕಾಗದದ ಮೇಲೆ ಬರೆದುಕೊಡುವುದಿಲ್ಲ. ಬಾಯಲ್ಲಿ ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಬೇಕಿದ್ದರೆ ಬೀದಿಯ ತುದಿಗೆ ಹೋಗಿ ಕೊಡೆ ಹಿಡಿದು ನಿಲ್ಲುತ್ತೇನೆ. ಗೃಹಪ್ರವೇಶದ ದಿನ ನನ್ನ ಷಡ್ಡಕ ಮೂರು ಬೀದಿ ಆಚೆಗಿನ ಇನ್ಯಾರದೋ ಗೃಹಪ್ರವೇಶಕ್ಕೆ ನುಗ್ಗಿ, ಹೋಳಿಗೆ ಊಟ ಮುಗಿಸಿ, ಉಡುಗೊರೆಯನ್ನೂ ಅಲ್ಲೇ ಕೊಟ್ಟು, ತಾಂಬೂಲ ಹಿಡಿದುಕೊಂಡು ನಮ್ಮ ಮನೆಗೆ ಬಂದ. "ಒಂದು ಚೀಟೀಲಿ ನಾಲ್ಕು ಗೆರೆ ಎಳ್ಕೊಡೋಕೆ ಏನು ರೋಗ ಅಣ್ಣ ನಿಮಗೆ?" ಎಂದು ಕೇಳಿದ. ನನ್ನ ಹೆಂಡತಿ ಸರೋಜ ತಲೆ ತಗ್ಗಿಸಿ ಎಲೆ ಎತ್ತುತ್ತಿದ್ದಳು. ರೋಗ ಏನೆಂದು ಅವಳಿಗೆ ಗೊತ್ತು.

ಈಚೆಗೆ ಮೈಸೂರಿನಲ್ಲಿ ಬೆಳಗ್ಗೆ ವಾಕಿಂಗ್ ಹೋದರೆ, ತಲೆಗೆ ಬೋಗುಣಿಯಂಥ ಟೋಪಿ ಹಾಕಿಕೊಂಡ ಸೈಕಲ್ ಸವಾರರು ಸಿಗುತ್ತಾರೆ. ಸರ್ವೆಯರ್ ಆಗಿದ್ದವನೆಂದು ತಿಳಿದು, "ಸಾರ್, ವಾಹನವೇ ಓಡಾಡದ ಮಣ್ಣು ರಸ್ತೆ ಎಲ್ಲಾದರೂ ಇದೆಯಾ?" ಎಂದು ಕೇಳುತ್ತಾರೆ. ನಮ್ಮ ಎದುರು ಮನೆಯವರಂತೂ ಪ್ರತಿ ಭಾನುವಾರ ಸೈಕಲ್ಲನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು, ಕಾರುಗಳಿಲ್ಲದ ದಾರಿಯನ್ನು ಹುಡುಕುತ್ತ ಐವತ್ತು ಮೈಲಿ ಕಾರಿನಲ್ಲಿ ಹೋಗುತ್ತಾರೆ. ನಾನು ಅವರನ್ನು ಹಾಸ್ಯ ಮಾಡುವುದಿಲ್ಲ. ಅವರು ಹುಡುಕುವಂಥ ದಾರಿಯಲ್ಲಿ ಒಂದು ಕಾಲಕ್ಕೆ ನಾನು ವಾರಕ್ಕೆ ಎರಡು ಸಲ ಸೈಕಲ್ ತುಳಿದಿದ್ದೇನೆ. ಆ ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರಿಗೆ ಒಂದೇ ಒಂದು ಗಾಡಿಯೂ ಎದುರಾಗುತ್ತಿರಲಿಲ್ಲ. ಅದು ಕುವೈತಿನಲ್ಲಿ, ತೊಂಬತ್ತನೇ ಇಸವಿಯಲ್ಲಿ.

ಈ ಹುಚ್ಚನ್ನು ನನಗೆ ಹಿಡಿಸಿದವನು ಜೆರಾರ್ ಎಂಬ ಫ್ರೆಂಚ್ ಎಂಜಿನಿಯರು. ನೀರಿನ ಕೊಳವೆಗಳನ್ನು ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಅವನು ಪಂಪುಗಳ ಉಸ್ತುವಾರಿ, ನಾನು ಸರ್ವೆಯರು. ಜೆರಾರ್ ಐವತ್ತರ ಆಸುಪಾಸಿನ ಒಂಟಿಜೀವಿ. ಉದ್ದ ಕಾಲು, ಬಿಸಿಲಿಗೆ ಬೆಂದು ಟೊಮೆಟೊ ಆದ ಮೂಗು. ಅವನ ಊರು ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಒಂದು ಹಳೆಯ ಕಾಲುವೆಯ ದಂಡೆಯಲ್ಲಿತ್ತು. ಹಿಂದೆ ದೋಣಿಗಳನ್ನು ಕುದುರೆಗಳು ದಡದ ಮೇಲಿಂದ ಎಳೆಯುತ್ತಿದ್ದವಂತೆ. ಕುದುರೆಗಳು ಹೋದವು, ದೋಣಿಗಳು ಹೋದವು, ಅವು ತುಳಿದ ಜಲ್ಲಿದಾರಿ ಉಳಿಯಿತು. ಎರಡೂ ಕಡೆ ನೆರಳಿನ ಮರ. ಬೆಳಗಿನಿಂದ ಸಂಜೆಯವರೆಗೆ ಸೈಕಲ್ ತುಳಿದರೂ ಎದುರಾಗುವುದು ಒಂದು ಟ್ರ್ಯಾಕ್ಟರು ಮತ್ತು ಅಂಚೆ ಹಂಚುವ ಹೆಂಗಸು ಮಾತ್ರ ಎಂದು ಜೆರಾರ್ ಕಣ್ಣು ಅರ್ಧ ಮುಚ್ಚಿಕೊಂಡು ವರ್ಣಿಸುತ್ತಿದ್ದ. "ನಮ್ಮ ಕಡೆ ಇಂಥ ರಸ್ತೆ ಇದ್ದರೆ ಡಾಂಬರು ಹಾಕಿಸಿ ಎಂದು ಶಾಸಕರಿಗೆ ಅರ್ಜಿ ಕೊಡುತ್ತೇವೆ" ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

ಕುವೈತಿನಲ್ಲಿ ಕಾಲುವೆಯೂ ಇಲ್ಲ, ನೆರಳೂ ಇಲ್ಲ. ಆದರೆ ನಮ್ಮ ಕೊಳವೆಗಳ ಪಕ್ಕದಲ್ಲಿ ರಿಪೇರಿ ಗಾಡಿಗಳಿಗೆಂದು ಮಾಡಿದ ಜಲ್ಲಿದಾರಿಗಳಿದ್ದವು. ಮರಳು, ಸುಣ್ಣ, ಹರಳು ಸೇರಿ ಗಟ್ಟಿಯಾದ ಆ ನೆಲವನ್ನು ಅಲ್ಲಿಯವರು ಗಚ್ ಎನ್ನುತ್ತಾರೆ. ನಮ್ಮ ಗಾರೆ ಗಚ್ಚಿನ ಗಚ್ಚೂ ಇದೂ ಒಂದೇ ಹೊಟ್ಟೆಯ ಮಕ್ಕಳಿರಬೇಕು. ಪರ್ಷಿಯಾದಿಂದ ಹೊರಟ ಪದ ಒಂದು ಕಡೆ ಮೈಸೂರಿನ ತಾರಸಿಗೆ ಬಂತು, ಇನ್ನೊಂದು ಕಡೆ ಕುವೈತಿನ ಮರಳಲ್ಲಿ ಮಲಗಿತು. ಇದನ್ನು ಜೆರಾರನಿಗೆ ವಿವರಿಸಿದಾಗ ಅವನು, "ಸ್ವಾಮಿ, ಪದ ಆಮೇಲೆ, ಮೊದಲು ತುಳಿ" ಎಂದ. ಸ್ವಾಮಿ ಎಂಬ ನನ್ನ ಹೆಸರಿನ ಬಾಲವಷ್ಟೇ ಅವನ ನಾಲಗೆಗೆ ದಕ್ಕಿತ್ತು. ಶುಕ್ರವಾರದ ಬೆಳಗುಗಳಲ್ಲಿ ಅವನು ಮುಂದೆ, ನಾನು ಮೇಲುಸಿರು ಬಿಡುತ್ತ ಹಿಂದೆ. ಅವನದು ಊರಿಂದ ತರಿಸಿದ ಸೈಕಲ್ಲು, ನನ್ನದು ಗುಜರಿಯದು.

ಆಗಸ್ಟ್ ತಿಂಗಳ ಮೊದಲ ಗುರುವಾರ ಬೆಳಗ್ಗೆ ಇರಾಕಿನ ಟ್ಯಾಂಕುಗಳು ಬಂದವು. ಸರೋಜ ಮತ್ತು ಮಗಳು ಶಾಲೆಯ ರಜೆಗೆಂದು ಮೈಸೂರಿನಲ್ಲಿದ್ದರು. ಅಬ್ಬಾಸಿಯಾದ ನಮ್ಮ ಫ್ಲ್ಯಾಟಿನಲ್ಲಿ ನಾನೊಬ್ಬನೇ. ಎರಡನೇ ದಿನ ಕೆಳಗಿನ ಮನೆಯ ಸಂಜೀವಣ್ಣ ತಮ್ಮ ಹಾಸಿಗೆಯನ್ನೂ ದೊಡ್ಡ ಕಾವಲಿಯನ್ನೂ ಎತ್ತಿಕೊಂಡು ಮೇಲೆ ಬಂದರು. ಅವರು ಕಾರ್ಕಳದ ಕಡೆಯವರು, ಸಾಲ್ಮಿಯಾದ ಒಂದು ಹೋಟೆಲಿನಲ್ಲಿ ಅಡುಗೆಯವರು. ನನಗಿಂತ ಆರು ವರ್ಷ ದೊಡ್ಡವರು, ನನಗಿಂತ ಎರಡು ಪಟ್ಟು ಅಗಲ. "ಒಬ್ರೇ ಹೆದರುವುದು ಕಷ್ಟ ಮಾರಾಯ್ರೆ. ಇಬ್ರಾದ್ರೆ ಮಾತಾಡ್ತಾ ಹೆದರ್ಬಹುದು" ಎಂದರು.

ಮೂರನೇ ವಾರದ ಹೊತ್ತಿಗೆ ಪಾಶ್ಚಾತ್ಯ ದೇಶದವರೆಲ್ಲ ಬಂದು ಶರಣಾಗಬೇಕು, ಅವರನ್ನು ಬಚ್ಚಿಟ್ಟವರಿಗೆ ಮರಣದಂಡನೆ ಎಂಬ ಆಜ್ಞೆ ಹೊರಟಿತು. ಅದಾದ ಎರಡು ದಿನಕ್ಕೆ ಫೋನು ಬಂತು. ಊರೊಳಗಿನ ಫೋನುಗಳು ಇನ್ನೂ ಕೆಲಸ ಮಾಡುತ್ತಿದ್ದವು. "ಸ್ವಾಮಿ, ನಾಲ್ಕನೇ ಪಂಪಿಗೆ ನೀರಿಲ್ಲ" ಎಂದಿತು ಜೆರಾರನ ದನಿ. ನಮ್ಮಲ್ಲಿ ನಾಲ್ಕನೇ ಪಂಪು ಎಂಬುದೇ ಇರಲಿಲ್ಲ. ಆದರೆ ಜಾಬ್ರಿಯಾದಲ್ಲಿ ನಮ್ಮ ಕಂಪನಿಯ ಕುವೈತಿ ಅಧಿಕಾರಿಯೊಬ್ಬರ ಮನೆಯ ಬಾಗಿಲ ಸಂಖ್ಯೆ ನಾಲ್ಕು. ಅವರು ಬೇಸಿಗೆಗೆ ಹೊರದೇಶಕ್ಕೆ ಹೋಗುವಾಗ, ಕುಂಡದ ಗಿಡಗಳಿಗೆ ನೀರು ಹಾಕಲೆಂದು ಬೀಗದ ಕೈಯನ್ನು ಜೆರಾರನಿಗೆ ಕೊಟ್ಟುಹೋಗಿದ್ದರು. ಗಿಡಕ್ಕೆ ನೀರು ಹಾಕಲು ಹೋದವನು ಅಲ್ಲೇ ಪರದೆ ಎಳೆದುಕೊಂಡು ಅಡಗಿದ್ದ.

ಸಂಜೀವಣ್ಣನಿಗೆ ಹೇಳಿದೆ. ಅವರು ಜೆರಾರನನ್ನು ಒಮ್ಮೆಯೂ ನೋಡಿದವರಲ್ಲ. "ಅವರು ಖಾರ ತಿಂತಾರಾ?" ಎಂದು ಕೇಳಿದರು. ಅಷ್ಟೇ. ನಾನು ಮರಣದಂಡನೆಯ ಬಗ್ಗೆ ಚರ್ಚೆ ಮಾಡಲು ಸಿದ್ಧನಾಗಿದ್ದೆ. ಅವರು ಈರುಳ್ಳಿ ಹೆಚ್ಚಲು ಎದ್ದುಹೋಗಿದ್ದರು.

ಕಾರಿನಲ್ಲಿ ಹೋಗುವಂತಿರಲಿಲ್ಲ. ಸೈನಿಕರು ಕಾರುಗಳನ್ನು ತಡೆದು ಇಳಿಸಿಕೊಳ್ಳುತ್ತಿದ್ದರು. ನನ್ನ ಕಾರು ಮೊದಲ ವಾರವೇ ಹೋಗಿತ್ತು, ಅದರ ಹಿಂದೆ ಕಟ್ಟಿದ್ದ ಗುಜರಿ ಸೈಕಲ್ಲೂ ಹೋಗಿತ್ತು. ಜೆರಾರನ ಸೈಕಲ್ಲು ಅಬ್ಬಾಸಿಯಾದ ಹಿಂದಿನ ಪಂಪ್‌ಹೌಸಿನ ಉಗ್ರಾಣದಲ್ಲಿತ್ತು, ಅದರ ಕೀಲಿ ನನ್ನಲ್ಲಿತ್ತು. ಬೆಳ್ಳಿಯಂತೆ ಹೊಳೆಯುತ್ತಿದ್ದ ಆ ಸೈಕಲ್ಲಿಗೆ ಸುಟ್ಟ ಎಂಜಿನ್ ಎಣ್ಣೆ ಬಳಿದು, ಮೇಲೆ ಮರಳು ಎರಚಿ, ಸೀಟಿಗೆ ಗೋಣಿ ಸುತ್ತಿದೆ. ನನಗೆ ಬಣ್ಣ ಬಳಿಯುವ ಅಗತ್ಯ ಬೀಳಲಿಲ್ಲ. ಹರಕು ಬನಿಯನ್ನು, ವಾರದ ಗಡ್ಡ ಇದ್ದರೆ ಸಾಕು, ಸರ್ವೆಯರೂ ಜಾಡಮಾಲಿಯೂ ಒಂದೇ ಆಗುತ್ತಾರೆ ಎಂಬುದು ಆ ದಿನ ಕನ್ನಡಿಯ ಮುಂದೆ ತಿಳಿಯಿತು. ವರ್ಷಗಟ್ಟಲೆ ಇಸ್ತ್ರಿ ಮಾಡಿದ ಷರಟು ಹಾಕಿ ಕಾಪಾಡಿಕೊಂಡು ಬಂದ ದೊಡ್ಡಸ್ತಿಕೆ ಹತ್ತು ನಿಮಿಷದಲ್ಲಿ ಕಳಚಿತು.

ಬೆಳಗ್ಗೆ ಬಿಸಿಲೇರುವ ಮೊದಲು ಹೊರಟೆ. ಕೊಳವೆಯ ಪಕ್ಕದ ಜಲ್ಲಿದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರು, ಆಮೇಲೆ ಒಂದು ಡಾಂಬರು ರಸ್ತೆ ದಾಟಿ ಜಾಬ್ರಿಯಾದ ಗಲ್ಲಿಗಳು. ಎಂದಾದರೂ ಒಂದೂ ಗಾಡಿಯಿಲ್ಲದ ದೊಡ್ಡ ಊರನ್ನು ನೋಡಿದ್ದೀರಾ? ದೂರದ ಹೆದ್ದಾರಿಯಲ್ಲಿ ಟೈರು, ಗಾಜು ಕಳೆದುಕೊಂಡ ಕಾರುಗಳು ನಿಂತಲ್ಲೇ ನಿಂತಿದ್ದವು. ಬೀಗ ಹಾಕಿದ ಅಂಗಡಿಗಳಿಂದ ಕೊಳೆತ ಮಾಂಸದ ವಾಸನೆ. ಸಾಕಿದವರು ಬಿಟ್ಟುಹೋದ ನಾಯಿಗಳು, ಕೊರಳಲ್ಲಿ ಪಟ್ಟಿ ಇದ್ದಂತೆಯೇ, ಗುಂಪುಕಟ್ಟಿ ಓಡಾಡುತ್ತಿದ್ದವು. ಜಲ್ಲಿಯ ಮೇಲೆ ನನ್ನದೇ ಟೈರಿನ ಕರಕರ ಸದ್ದು ಅರ್ಧ ಮೈಲಿಗೆ ಕೇಳುತ್ತಿದೆಯೇನೋ ಅನಿಸುತ್ತಿತ್ತು. ಜನ ಸಂದಣಿಯನ್ನು ಬೈಯುತ್ತಾರೆ. ಸಂದಣಿ ಎಂದರೆ ಬಡವನಿಗೆ ಹೊದ್ದುಕೊಳ್ಳಲು ಇರುವ ಕಂಬಳಿ. ಆ ಖಾಲಿ ದಾರಿಯಲ್ಲಿ ನಾನೊಬ್ಬನೇ ಅಲುಗಾಡುವ ವಸ್ತು.

ಡಾಂಬರು ರಸ್ತೆ ದಾಟುವಲ್ಲಿ ಸೈನಿಕರ ತಡೆ ಇತ್ತು. ಮೊದಲ ದಿನ ಅಲ್ಲಿದ್ದವನು ನರೆತ ಮೀಸೆಯ ಮುದುಕ, ಕಾಲಿಗೆ ದೊಡ್ಡದಾದ ಬೂಟು. "ಹಿಂದಿ?" ಎಂದ. ಅವರ ಮಾತಿನಲ್ಲಿ ಅದು ಭಾಷೆಯಲ್ಲ, ದೇಶ. ಹಿಂದಿ ಎಂದು ತಲೆಯಾಡಿಸಿದೆ. ಬುತ್ತಿಯ ಬಟ್ಟೆ ಸರಿಸಿ ಎರಡು ಚಪಾತಿ ತೆಗೆದುಕೊಂಡು ಅಲ್ಲೇ ತಿಂದ. ಹಸಿದವನ ಊಟ. ಆಮೇಲೆ ಸೈಕಲ್ಲಿನ ಹ್ಯಾಂಡಲ್ ಹಿಡಿದು ನನ್ನನ್ನು ಇಳಿಸಿದ. ಖಲಾಸ್, ಮುಗಿಯಿತು ಎಂದುಕೊಂಡೆ. ಅವನು ಬಂದೂಕನ್ನು ಬೆನ್ನಿಗೆ ಹಾಕಿಕೊಂಡು, ಸೈಕಲ್ ಹತ್ತಿ, ಆ ಖಾಲಿ ರಸ್ತೆಯಲ್ಲಿ ಎರಡು ದೊಡ್ಡ ಸುತ್ತು ಹೊಡೆದ. ವಾಪಸು ಬಂದಾಗ ಅವನ ಮುಖವೇ ಬೇರೆ. ತನ್ನ ಊರಿನ ಯಾವುದೋ ಓಣಿಗೆ ಹೋಗಿ ಬಂದಿದ್ದನೋ ಏನೋ. "ಯಲ್ಲಾ", ನಡೆ ಎಂದು ಸೈಕಲ್ ಕೊಟ್ಟ. ನಾನು ಹತ್ತಲಿಲ್ಲ, ಅದನ್ನು ತಳ್ಳಿಕೊಂಡೇ ಜಾಬ್ರಿಯಾ ಸೇರಿದೆ.

ಹೀಗೆ ವಾರಕ್ಕೆ ಎರಡು ಸಲದಂತೆ ಐದು ವಾರ ನಡೆಯಿತು. ಜೆರಾರನ ಟೊಮೆಟೊ ಮೂಗು ಕತ್ತಲಲ್ಲಿ ಬೆಳೆದ ಆಲೂಗಡ್ಡೆಯಂತಾಯಿತು. ಅವನು ರೇಡಿಯೊವನ್ನು ಕಿವಿಗೆ ಅಂಟಿಸಿಕೊಂಡು ಕೂತಿರುತ್ತಿದ್ದ. ಕುಂಡದ ಗಿಡಗಳು ಮಾತ್ರ ನಳನಳಿಸುತ್ತಿದ್ದವು. ನಾನು ಹೋದ ಕೂಡಲೇ, ಬುತ್ತಿಯನ್ನು ಬಿಚ್ಚುವ ಮೊದಲು, ದಾರಿಯ ಬಗ್ಗೆ ಕೇಳುತ್ತಿದ್ದ. ಗಾಳಿ ಯಾವ ಕಡೆಯಿಂದ ಇತ್ತು, ಜಲ್ಲಿ ಎಲ್ಲಿ ಸಡಿಲವಾಗಿದೆ, ಟೈರಿಗೆ ಎಷ್ಟು ಗಾಳಿ ಹಾಕಿದ್ದೀಯ. ನಾನು ಕೊಳೆತ ವಾಸನೆಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳುತ್ತಿದ್ದೆ.

ಸೆಪ್ಟೆಂಬರಿನ ಕೊನೆಗೆ ನನಗೆ ಭೇದಿ, ಜ್ವರ ಹಿಡಿಯಿತು. ಎದ್ದು ನಿಂತರೆ ಗೋಡೆ ಸುತ್ತುತ್ತಿತ್ತು. ಜೆರಾರನ ಬಳಿ ಆಗಲೇ ಎರಡು ದಿನದಿಂದ ಊಟ ಇರಲಿಲ್ಲ. ಸಂಜೀವಣ್ಣ ತಾನು ಹೋಗುತ್ತೇನೆಂದರು. "ಕಾರ್ಕಳದಲ್ಲಿ ಸೈಕಲಲ್ಲಿ ಮೀನು ಮಾರಿದವ ನಾನು. ದಾರಿ ಎರಡು ಮಾತಲ್ಲಿ ಹೇಳಿ, ಸಾಕು."

ಎರಡು ಮಾತಿನಲ್ಲಿ ಹೇಳಿ ಸುಮ್ಮನಿರಬೇಕಿತ್ತು. ಆದರೆ ನಾನು ಸರ್ವೆಯರು. ಹಾಸಿಗೆಯಲ್ಲಿ ಕುಳಿತು, ದಿಂಬಿನ ಮೇಲೆ ಹಲಗೆ ಇಟ್ಟುಕೊಂಡು, ಅವರಿಗೊಂದು ನಕ್ಷೆ ಬರೆದೆ. ಕೊಳವೆಯ ಗೆರೆ, ಪಂಪ್‌ಹೌಸುಗಳಿಗೆ ಚೌಕ, ಕವಾಟಗಳಿಗೆ ಸೊನ್ನೆ, ಸೈನಿಕರ ತಡೆಗೆ ಒಂದು ಅಡ್ಡಗೀಟು. ಕಿಲೋಮೀಟರುಗಳನ್ನು ಗುರುತಿಸಿದೆ. ಮೇಲಿನ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕಿದೆ. ಕೆಳಗಿನ ಮೂಲೆಯಲ್ಲಿ ಜಾಬ್ರಿಯಾದ ಮನೆ. ಜ್ವರದಲ್ಲೂ ನನ್ನ ಕೈ ನಡುಗಲಿಲ್ಲ ಎಂದು ಹೆಮ್ಮೆಪಟ್ಟೆ.

"ಕಾಗದ ಎಂತಕ್ಕೆ? ಬಾಯಲ್ಲಿ ಹೇಳಿದ್ದು ನೆನಪುಂಟಲ್ಲ" ಎಂದರು ಸಂಜೀವಣ್ಣ.

"ಬಾಯಲ್ಲಿ ಹೇಳಿದ್ರೆ ತಪ್ಪಿಹೋಗತ್ತೆ ಅಣ್ಣ, ಇಟ್ಕೊಳ್ಳಿ" ಎಂದು ಒತ್ತಾಯ ಮಾಡಿದೆ. ನನ್ನ ಮನಸ್ಸು ನೋಯಿಸಬಾರದೆಂದು ಮಡಚಿ ಜೇಬಿಗೆ ಹಾಕಿಕೊಂಡರು. ಕಿಟಕಿಯಿಂದ ನೋಡಿದೆ. ಆ ದೊಡ್ಡ ದೇಹದ ಕೆಳಗೆ ಜೆರಾರನ ತೆಳ್ಳನೆಯ ಸೈಕಲ್ಲು ಕಾಣಿಸುತ್ತಲೇ ಇರಲಿಲ್ಲ. ಗಾಳಿಯ ಮೇಲೆ ಕೂತು ಹೋಗುತ್ತಿದ್ದಂತಿತ್ತು.

ಮಧ್ಯಾಹ್ನವಾಯಿತು, ಸಂಜೆಯಾಯಿತು, ಅವರು ಬರಲಿಲ್ಲ. ಮರುದಿನ ಜ್ವರ ಇಳಿಯದಿದ್ದರೂ ಗೋಡೆ ಹಿಡಿದು ಮೆಟ್ಟಿಲಿಳಿದು ಜಲ್ಲಿದಾರಿಯಲ್ಲಿ ನಡೆದೆ. ಡಾಂಬರು ರಸ್ತೆಗೆ ಸ್ವಲ್ಪ ಮುಂಚೆ ಬುತ್ತಿಯ ಡಬ್ಬಿಗಳು ಬಿದ್ದಿದ್ದವು. ನಾಯಿಗಳು ನೆಕ್ಕಿದ ಡಬ್ಬಿ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ತಡೆಯಲ್ಲಿ ನರೆತ ಮೀಸೆಯವನು ಇರಲಿಲ್ಲ. ಬೇರೆ ತುಕಡಿ, ಎಲ್ಲ ಗಟ್ಟಿ ಮುಖದವರು. ನಾನು ಹಿಂದೆ ತಿರುಗಿದೆ. ಹೋಗಿ ಕೇಳಬೇಕಿತ್ತು. ಕೇಳಲಿಲ್ಲ. ಜ್ವರ ಎಂದು ಆಗ ನನಗೆ ನಾನೇ ಹೇಳಿಕೊಂಡೆ, ಅದು ಜ್ವರವಲ್ಲ.

ಎರಡು ದಿನ ಬಿಟ್ಟು, ಒಣಗಿದ ರೊಟ್ಟಿ ಹಿಡಿದು, ಗಲ್ಲಿಗಳಲ್ಲಿ ಸುತ್ತು ಹಾಕಿ ಜೆರಾರನ ಬಳಿಗೆ ಹೋದೆ. ಬಾಗಿಲು ಬಡಿಯುವಾಗ ಒಳಗೆ ಅವನು ಇರುತ್ತಾನೆಂದು ನಂಬಿಕೆ ಇರಲಿಲ್ಲ. ಇದ್ದ. ವಿಷಯ ಕೇಳಿ ಎದ್ದು ಬೂಟು ಹಾಕಿಕೊಳ್ಳತೊಡಗಿದ.

"ನಾನು ಶರಣಾಗುತ್ತೇನೆ. ನಾನು ಸಿಕ್ಕಿದರೆ ಅವನನ್ನು ಬಿಡಬಹುದು."

ಇಲ್ಲಿ ನಿಜ ಹೇಳಬೇಕು. ಒಂದು ಗಳಿಗೆ, ಹೋಗಪ್ಪ, ನಿನ್ನಿಂದಲೇ ಇಷ್ಟೆಲ್ಲ ಆಯಿತು ಎಂದು ನನ್ನ ಗಂಟಲವರೆಗೆ ಬಂದಿತ್ತು. ಅವನು ಎರಡನೇ ಬೂಟಿನ ದಾರ ಕಟ್ಟುವವರೆಗೂ ನಾನು ಸುಮ್ಮನಿದ್ದೆ. ಆಮೇಲೆ ಬುದ್ಧಿ ಕೆಲಸ ಮಾಡಿತು. ನಾಲ್ಕು ದಿನವಾದರೂ ಈ ಬಾಗಿಲಿಗೆ ಯಾರೂ ಬಂದಿಲ್ಲ ಎಂದರೆ ಸಂಜೀವಣ್ಣ ಬಾಯಿ ಬಿಟ್ಟಿಲ್ಲ.

"ಕೂತ್ಕೋ ಜೆರಾರ್. ನೀನೀಗ ಹೋದರೆ, ಆತ ಯಾರಿಗೆ ಊಟ ತರುತ್ತಿದ್ದ ಎಂದು ನೀನೇ ಹೇಳಿದಂತಾಗುತ್ತದೆ. ಅದಕ್ಕೆ ಏನು ಶಿಕ್ಷೆ ಎಂದು ಗೊತ್ತಲ್ಲ."

ಅವನು ಕೂತ. ಬೂಟು ಬಿಚ್ಚಲಿಲ್ಲ. ಮುಂದೆ ನಾನು ಯಾವಾಗ ಹೋದರೂ ಬೂಟು ಹಾಕಿಕೊಂಡೇ ಇರುತ್ತಿದ್ದ.

ಅದೇ ವಾರ ನಮ್ಮ ಕಟ್ಟಡದವರ ಹೆಸರು ಬಸ್ಸಿನ ಪಟ್ಟಿಯಲ್ಲಿ ಬಂತು. ಬಸ್ರಾ, ಬಾಗ್ದಾದ್, ಅಲ್ಲಿಂದ ಅಮ್ಮಾನ್, ಅಲ್ಲಿಂದ ಬೊಂಬಾಯಿಗೆ ವಿಮಾನ. ನಮ್ಮ ಜನ ಸಾವಿರಗಟ್ಟಲೆ ಹಾಗೆ ಊರು ಸೇರುತ್ತಿದ್ದರು. ನನ್ನ ಹೆಸರಿನ ಕೆಳಗೇ ಸಂಜೀವಣ್ಣನ ಹೆಸರಿತ್ತು. ಪೆಟ್ಟಿಗೆ ಕಟ್ಟಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಪಕ್ಕದ ಸೀಟು ಖಾಲಿ. ಪಟ್ಟಿ ಹಿಡಿದವನು ಸಂಜೀವಣ್ಣನ ಹೆಸರು ಕೂಗಿದ. ಎರಡನೇ ಸಲ ಕೂಗಿದ. "ಬಂದಿಲ್ಲ" ಎಂದು ಗೀಟು ಹಾಕಲು ಪೆನ್ನು ತೆಗೆದ. ನಾನು ಪೆಟ್ಟಿಗೆ ಎತ್ತಿಕೊಂಡು ಇಳಿದೆ. ಇದನ್ನು ಧೈರ್ಯ ಎಂದು ಯಾರೂ ತಿಳಿಯಬೇಡಿ. ಸರೋಜ ಬಾಗಿಲು ತೆರೆದು ಮೊದಲು ಕೇಳುವ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು. ಅದಕ್ಕೆ ಉತ್ತರ ಕೊಡುವ ಹೆದರಿಕೆ, ಅಲ್ಲೇ ಉಳಿಯುವ ಹೆದರಿಕೆಗಿಂತ ಒಂದು ತೂಕ ಹೆಚ್ಚಾಗಿತ್ತು, ಅಷ್ಟೇ.

ಇಳಿದವನು ನೇರ ಸೈನಿಕರ ಠಾಣೆಗೆ ಹೋದೆ. ನನ್ನ ಅಡುಗೆಯವನು ಕಾಣೆಯಾಗಿದ್ದಾನೆ ಎಂದೆ. ಒಬ್ಬ ಅಧಿಕಾರಿ ನನ್ನ ಇಕಾಮಾ, ಅಂದರೆ ವಾಸದ ಪರವಾನಗಿ, ನೋಡಿ ಬಿಸಿಲಲ್ಲಿ ನಿಲ್ಲಿಸಿದ. ಮಧ್ಯಾಹ್ನ ಕಳೆದ ಮೇಲೆ, ಅಂಥವನು ಯಾರೂ ಇಲ್ಲ ಹೋಗು ಎಂದ. ಮರುದಿನವೂ ಹೋದೆ, ಅದರ ಮರುದಿನವೂ. ಐದನೇ ದಿನ ಅವರು ನನ್ನನ್ನು ಬೈಯುವುದನ್ನೂ ಬಿಟ್ಟರು. ಬಾಗಿಲ ಬಳಿಯ ಕಂಬದಂತೆ ನೋಡಿ ದಾಟಿಹೋಗುತ್ತಿದ್ದರು.

ಸಂಜೀವಣ್ಣ ಕಾಣೆಯಾದ ಹತ್ತೊಂಬತ್ತನೇ ದಿನ ಬೆಳಗ್ಗೆ ಹಾಲಿಲ್ಲದ ಚಹಾ ಕಾಯಿಸುತ್ತಿದ್ದಾಗ ಮೆಟ್ಟಿಲ ಮೇಲೆ ನಿಧಾನವಾದ ಸದ್ದು ಕೇಳಿತು. ಬಾಗಿಲು ತೆಗೆದರೆ ಸಂಜೀವಣ್ಣ. ಅರ್ಧದಷ್ಟಾಗಿದ್ದರು. ಬಲಗೈಗೆ ಯಾವುದೋ ಬಟ್ಟೆ ಸುತ್ತಿತ್ತು. ಒಳಗೆ ಬಂದು ಕೂತು, ನನ್ನ ಚಹಾ ತೆಗೆದು ಎಡಗೈಯಲ್ಲಿ ಕುಡಿದರು. ಬಟ್ಟೆ ಬಿಚ್ಚಿದೆ. ಮೂರು ಬೆರಳು ಮುರಿದಿದ್ದವು, ಮುರಿದ ಹಾಗೆಯೇ ಕೂಡಿಕೊಳ್ಳುತ್ತಿದ್ದವು.

ನಾನು ಕೇಳಲಿಲ್ಲ. ಅವರೇ ಮೂರು ದಿನದ ಮೇಲೆ ಹೇಳಿದರು. ಸೈನಿಕರು ಕೈಬೀಸಿ ಕರೆದಾಗ, ಕೆಮ್ಮಿದ ಹಾಗೆ ಬಾಗಿ, ನಕ್ಷೆಯ ಕೆಳಗಿನ ಮೂಲೆಯನ್ನು, ಜಾಬ್ರಿಯಾದ ಮನೆ ಇದ್ದ ಮೂಲೆಯನ್ನು, ಹರಿದು ಬಾಯಿಗೆ ಹಾಕಿಕೊಂಡರಂತೆ. "ಉಳಿದದ್ದನ್ನು ಸಹ ತಿನ್ತಿದ್ದೆ. ಟೈಮ್ ಸಿಗ್ಲಿಲ್ಲ" ಎಂದರು. ಉಳಿದದ್ದರಲ್ಲಿ ಕೊಳವೆ, ಪಂಪ್‌ಹೌಸು, ಕವಾಟ, ಸೈನಿಕರ ತಡೆ ಎಲ್ಲ ಅಚ್ಚುಕಟ್ಟಾಗಿ ಇದ್ದವು. ಅಡುಗೆಯವನ ಜೇಬಿನಲ್ಲಿ ಸರ್ವೆಯರನ ಕೈಬರಹದ ನಕ್ಷೆ. ಗೂಢಚಾರ ಎಂದು ತೀರ್ಮಾನಿಸಲು ಅವರಿಗೆ ಇನ್ನೇನು ಬೇಕಿತ್ತು? ರಸ್ತೆಯಲ್ಲಿ ಬಿದ್ದಿತ್ತು, ಒಲೆ ಹೊತ್ತಿಸಲು ಎತ್ತಿಕೊಂಡೆ ಎಂದು ಇವರು ಹತ್ತೊಂಬತ್ತು ದಿನವೂ ಒಂದೇ ಮಾತು ಹೇಳಿದರು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಮೇಲೆ ಒಂದು ಬಾಣ ಹಾಕಿದ್ರಲ್ಲ, ಅದು ಎಂತದು?"

"ಉತ್ತರ ದಿಕ್ಕು" ಎಂದೆ.

"ಅಷ್ಟೆಯಾ?" ಎಂದರು. "ಎರಡು ದಿನ ಅದೊಂದನ್ನೇ ಕೇಳಿದ್ರು ಮಾರಾಯ್ರೆ. ಬಾಣ ಯಾರ ಕಡೆಗೆ, ಬಾಣ ಯಾರ ಕಡೆಗೆ ಅಂತ. ನನಗೇ ಗೊತ್ತಿಲ್ಲ, ನಾನು ಎಂತ ಹೇಳುವುದು."

ನಾನು ಎದ್ದು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ನಮ್ಮ ಮನೆಯ ದಾರಿಯನ್ನು ಯಾರಿಗೂ ಬರೆದುಕೊಡದ ರೋಗ ಶುರುವಾದದ್ದು ಆ ನಲ್ಲಿಯ ಕೆಳಗೆ.

ಅಷ್ಟರಲ್ಲಿ ಬಸ್ಸುಗಳು ನಿಂತುಹೋಗಿದ್ದವು. ಸಂಜೀವಣ್ಣ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ನಾನು ಬೇಯಿಸುತ್ತಿದ್ದೆ. ವಾರಕ್ಕೊಮ್ಮೆ ನಡೆದೇ ಜಾಬ್ರಿಯಾಕ್ಕೆ ಹೋಗುತ್ತಿದ್ದೆ. "ಅವರಿಗೆ ನನ್ನ ಕೈಯ ವಿಷಯ ಹೇಳ್ಬೇಡಿ. ಊಟ ಸೇರ್ಲಿಕ್ಕಿಲ್ಲ" ಎಂದಿದ್ದರು. ಹೇಳಲಿಲ್ಲ.

ಡಿಸೆಂಬರಿನಲ್ಲಿ ಪಾಶ್ಚಾತ್ಯರನ್ನೆಲ್ಲ ಬಿಡುತ್ತೇವೆಂಬ ಸುದ್ದಿ ರೇಡಿಯೊದಲ್ಲಿ ಬಂತು. ವಿಮಾನಕ್ಕೆ ಹೋಗುವ ಹಿಂದಿನ ದಿನ ಜೆರಾರ್ ಹಾಡುಹಗಲಲ್ಲಿ ಅಬ್ಬಾಸಿಯಾಕ್ಕೆ ನಡೆದು ಬಂದ. ನಾಲ್ಕು ತಿಂಗಳ ಮೇಲೆ ಬಿಸಿಲು ಕಂಡ ಕಣ್ಣಿನಿಂದ ನೀರು ಸುರಿಯುತ್ತಿತ್ತು. ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಂಜೀವಣ್ಣನನ್ನು ಮೊದಲ ಸಲ ನೋಡಿದ. ಕೈ ಕುಲುಕಲು ಕೈ ಚಾಚಿದ. ಸಂಜೀವಣ್ಣ ಎಡಗೈ ಕೊಟ್ಟರು. ಜೆರಾರ್ ಬಲಗೈಯನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಆ ಬಲಗೈಯನ್ನು ತನ್ನ ಎರಡು ಕೈಗಳಲ್ಲಿ, ಬಿಸಿಯಾದ ಪಾತ್ರೆಯನ್ನು ಹಿಡಿದಂತೆ, ಹಿಡಿದುಕೊಂಡು ನಿಂತ.

ಕೊನೆಗೆ ಸಂಜೀವಣ್ಣನೇ ಮಾತು ತೆಗೆದರು. "ಊಟ ಹೇಗಿತ್ತು ಕೇಳಿ."

ಕೇಳಿದೆ. ಜೆರಾರ್ ಸುಳ್ಳು ಹೇಳಲಾರದ ಮನುಷ್ಯ. ಮೊದಲ ಮೂರು ವಾರ ಖಾರ ತಡೆಯಲಾಗದೆ ಎಲ್ಲವನ್ನೂ ನಲ್ಲಿಯ ಕೆಳಗೆ ತೊಳೆದು ತಿನ್ನುತ್ತಿದ್ದೆ, ಆಮೇಲೆ ಅದೇ ರುಚಿ ಹತ್ತಿತು, ಈಗ ನನ್ನ ಊರಿನ ಊಟ ಸಪ್ಪೆಯಾದೀತೆಂದು ಭಯವಾಗುತ್ತಿದೆ ಎಂದು ಉದ್ದಕ್ಕೆ ಹೇಳಿದ. ನಾನು, "ಚೆನ್ನಾಗಿತ್ತಂತೆ" ಎಂದೆ.

"ಅಷ್ಟು ಸಣ್ಣ ಮಾತಿಗೆ ಅವರು ಅಷ್ಟು ಹೊತ್ತು ತೆಗೊಳ್ಳಲಿಲ್ಲ. ಸರಿಯಾಗಿ ಹೇಳಿ" ಎಂದರು ಸಂಜೀವಣ್ಣ. ಎಲ್ಲ ಹೇಳಿದೆ. ನಲ್ಲಿಯ ಕೆಳಗೆ ತೊಳೆದ ವಿಷಯಕ್ಕೆ ಅವರು ಹತ್ತೊಂಬತ್ತು ದಿನದ ವಿಷಯಕ್ಕಿಂತ ಹೆಚ್ಚು ನೊಂದರು.

ಹೊರಡುವಾಗ ಜೆರಾರ್ ತನ್ನ ಪಾಕೀಟಿನಿಂದ ಒಂದು ಫೋಟೊ ತೆಗೆದು ಸಂಜೀವಣ್ಣನಿಗೆ ಕೊಟ್ಟ. ಅವನ ಊರಿನ ಕಾಲುವೆಯ ದಾರಿ. ಬಿಳಿ ಜಲ್ಲಿ, ಎರಡು ಸಾಲು ಮರ, ದೂರದವರೆಗೆ ಬೆಳಕು. ನೀವಿಬ್ಬರೂ ಬರಲೇಬೇಕು, ಒಂದು ವಾಹನವೂ ಇರುವುದಿಲ್ಲ, ಮೂವರೂ ದಿನವಿಡೀ ಸೈಕಲ್ ತುಳಿಯೋಣ ಎಂದ. ಸಂಜೀವಣ್ಣ ಆ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಇಷ್ಟು ಒಳ್ಳೆ ದಾರಿಯಲ್ಲಿ ಒಂದು ಜನ ಇಲ್ಲ. ಅಲ್ಲಿ ಸಹ ಎಂತಾದ್ರೂ ಆಗಿದೆಯಾ ಕೇಳಿ" ಎಂದರು.

ಅದನ್ನು ನಾನು ಜೆರಾರನಿಗೆ ಹೇಳಲಿಲ್ಲ. ಸಂಜೀವಣ್ಣ ಏನೆಂದರು ಎಂದು ಅವನು ಕೇಳಿದಾಗ, ದಾರಿ ಚೆನ್ನಾಗಿದೆ ಎಂದರು ಎಂದೆ.

ಜನವರಿಯಲ್ಲಿ ಯುದ್ಧ ಶುರುವಾಯಿತು. ಅದನ್ನು ಬಣ್ಣಿಸುವ ಶಕ್ತಿ ನನ್ನ ಈ ಹಗುರ ಲೇಖನಿಗಿಲ್ಲ. ಆರು ವಾರ ಸ್ನಾನದ ಮನೆಯಲ್ಲಿ ಹಾಸಿಗೆ ಹಾಸಿ ಮಲಗಿದೆವು. ಕಿಟಕಿಯಿಲ್ಲದ ಕೋಣೆ ಅದೊಂದೇ. ಕೊನೆಗೆ ಇರಾಕಿನವರು ಓಡುವಾಗ ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟರು. ಹಗಲು ಹನ್ನೆರಡು ಗಂಟೆಗೆ ದೀಪ ಬೇಕಾಗುತ್ತಿತ್ತು. ಒಣಹಾಕಿದ ಬನಿಯನ್ನಿನ ಮೇಲೆ ಕಪ್ಪು ಹನಿ ಬೀಳುತ್ತಿತ್ತು. ನಮ್ಮ ಜಲ್ಲಿದಾರಿಗಳ ತುಂಬ ನೆಲಬಾಂಬು ಹೂತಿಟ್ಟಿದ್ದರು. ಕೊಳವೆ ರಿಪೇರಿಗೆ ಬಂದವರಿಗೆ ನಾನು ದಾರಿ ತೋರಿಸಬೇಕಾಯಿತು. ದೂರದಲ್ಲಿ ನಿಂತು, ಬಾಯಲ್ಲಿ. ಜೆರಾರನ ಸೈಕಲ್ಲು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ವಿಮಾನಗಳು ಮತ್ತೆ ಹಾರತೊಡಗಿದ ಮೇಲೆ, ಏಪ್ರಿಲಿನ ಕೊನೆಗೋ ಏನೋ, ಸಂಜೀವಣ್ಣನಿಗೆ ಟಿಕೆಟ್ಟು ಸಿಕ್ಕಿತು. ಕಂಪನಿಯ ಹಳೆಯ ಪಿಕಪ್ಪಿನಲ್ಲಿ ಅವರನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೊರಟೆ. ಮಧ್ಯಾಹ್ನವಾದರೂ ಹೊಗೆಯ ಮಬ್ಬು, ಹೆಡ್‌ಲೈಟು ಹಾಕಿದ್ದೆ. ಊರಿಗೆ ಹೋಗಿ ಹೋಟೆಲು ಇಡುತ್ತೇನೆ, ಹೆಂಡತಿ ಕಾವಲಿ ಹಿಡಿಯುತ್ತಾಳೆ, ನಾನು ಬೈಯುವ ಕೆಲಸ ಮಾಡುತ್ತೇನೆ ಎನ್ನುತ್ತಿದ್ದರು. ಬಲಗೈಯನ್ನು ಜೇಬಿನಲ್ಲಿಟ್ಟು ಮಾತಾಡುವುದು ಆಗಲೇ ಅಭ್ಯಾಸವಾಗಿತ್ತು. ನಕ್ಷೆಯ ವಿಷಯ ಕ್ಷಮೆ ಕೇಳಬೇಕೆಂದು ನಾನು ಏಳು ತಿಂಗಳಿನಿಂದ ಮಾತು ಕೂಡಿಸುತ್ತಿದ್ದೆ. "ಸಂಜೀವಣ್ಣ, ಅವತ್ತು ಆ ಕಾಗದ..." ಎಂದು ಆರಂಭಿಸಿದೆ.

ಅಷ್ಟರಲ್ಲಿ ಒಂದು ವೃತ್ತದ ಬಳಿ ಮುಂದಿನ ಗಾಡಿ ನಿಂತಿತು. ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ಗಾಜಿಲ್ಲದ ಕಾರುಗಳು, ಬಾಗಿಲಿಲ್ಲದ ಕಾರುಗಳು, ನೀರಿನ ಲಾರಿಗಳು, ಎಲ್ಲ ನಾಲ್ಕು ದಿಕ್ಕಿನಿಂದ ಬಂದು ಸಿಕ್ಕಿಹಾಕಿಕೊಂಡಿದ್ದವು. ನಾನು ಮಾತು ಮರೆತು ನೋಡುತ್ತ ಕೂತೆ. ಮುಂದಿನ ಗಾಡಿ ಎರಡು ಮಾರು ಸರಿದದ್ದೂ ನನಗೆ ತಿಳಿಯಲಿಲ್ಲ. ಹಿಂದಿನವನು ಹಾರ್ನ್ ಒತ್ತಿದ, ಬಿಡದೆ ಒತ್ತಿದ. ಆಮೇಲೆ ಪಕ್ಕಕ್ಕೆ ಬಂದು ಕಿಟಕಿಯಿಂದ ತಲೆ ಹೊರಹಾಕಿ, ನಿದ್ದೆ ಮಾಡುತ್ತಿದ್ದೀಯಾ ಕತ್ತೆ ಎಂದು ಅರಬ್ಬಿಯಲ್ಲಿ ನನ್ನನ್ನೂ ನನ್ನ ಗಾಡಿಯನ್ನೂ ನಮ್ಮ ತಂದೆಯವರನ್ನೂ ಸೇರಿಸಿ ಬೈದು, ಮುಂದೆ ನುಗ್ಗಿ, ಅಲ್ಲೇ ಸಿಕ್ಕಿಹಾಕಿಕೊಂಡ.

ಸಂಜೀವಣ್ಣ ಜೇಬಿನಿಂದ ಬಲಗೈ ತೆಗೆದು ನನ್ನ ಭುಜದ ಮೇಲಿಟ್ಟರು.

"ಇನ್ನು ಹೆದರ್ಲಿಕ್ಕೆ ಇಲ್ಲ ಮಾರಾಯ್ರೆ" ಎಂದರು. "ಜನ ಸಣ್ಣ ಸಣ್ಣ ವಿಷಯಕ್ಕೆ ಸಿಟ್ಟು ಮಾಡ್ಲಿಕ್ಕೆ ಶುರು ಮಾಡಿದ್ರು."